ಎಡ ಭುಜದ ಮೇಲಿನ ಕಲೆ

ಮೈಮೇಲೆ ಬಂತು, ಕನಸಲ್ಲಿ ಹೇಳಿತು ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಡಲ್ಲಾಸ್ ಪಕ್ಕದ ಫ್ರಿಸ್ಕೋದ ನಮ್ಮ ಗೆಳತಿಯರ ಗುಂಪಿನಲ್ಲಿ ಅಂಥ ಕಥೆ ಶುರುವಾದರೆ ಮಧ್ಯೆ ಬಾಯಿ ಹಾಕಿ ಕೆಡಿಸುತ್ತಿದ್ದವಳು ನಾನೇ. ಈಗ ಅಂಥದ್ದೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ವಾರವೆಲ್ಲ ನನಗೆ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ ಸಾಫ್ಟ್‌ವೇರ್ ಕೆಲಸ. ಶನಿವಾರ ಮಾತ್ರ ಡಲ್ಲಾಸಿನ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ಸಂಬಳವಿಲ್ಲದ ಸಹಾಯಕಿ. ಕೆಲವು ವರ್ಷಗಳ ಹಿಂದೆ ಅಲ್ಲಿ, ಪ್ರಾಚೀನ ಇಸ್ರೇಲಿನ ಒಂದು ಹಳ್ಳಿಯ ಉತ್ಖನನದಲ್ಲಿ ಸಿಕ್ಕ ವಸ್ತುಗಳ ಪ್ರದರ್ಶನ ಏರ್ಪಾಡಾಗಿತ್ತು. ಮೂರು ಸಾವಿರ ವರ್ಷ ಹಳೆಯ ಮನೆಯೊಂದರ ನೆಲದಡಿ ಒಂದು ಮಡಕೆ ಸಿಕ್ಕಿತ್ತು. ಅದರೊಳಗೆ ಎಳೆಗೂಸಿನ ಎಲುಬುಗಳಿದ್ದವು. ಎಲುಬುಗಳನ್ನು ಅಲ್ಲೇ ಮತ್ತೆ ಮಣ್ಣು ಮಾಡಿದ್ದರು. ನಮಗೆ ಬಂದದ್ದು ಖಾಲಿ ಮಡಕೆ.

ಅಗೆದ ಇಬ್ಬರು ವಿದ್ವಾಂಸರಿಗೆ ಇದರ ಬಗ್ಗೆ ಜಗಳ. ಮನೆ ಭದ್ರವಾಗಿ ನಿಲ್ಲಲೆಂದು ಕೊಟ್ಟ ಬಲಿ ಎಂದು ಆಸ್ಟಿನ್ನಿನ ಹಿರಿಯ ವಿದ್ವಾಂಸರ ವಾದ. ಕೊಂದ ಗುರುತೇ ಇಲ್ಲ, ತಾನಾಗಿ ಸತ್ತ ಮಗುವನ್ನು ಮನೆಯವರು ಹೂಳಿದ್ದಾರೆ ಎಂದು ಹ್ಯೂಸ್ಟನ್ನಿನ ಪ್ರೊಫೆಸರ್. ಮಡಕೆಯ ಪಕ್ಕದ ಫಲಕ ಬರೆಯುವ ಕೆಲಸ ನನ್ನ ಪಾಲಿಗೆ ಬಿತ್ತು. ಜನ ನಿಂತು ಓದಲಿ ಎಂದು ‘ಬಲಿ’ ಎಂದೇ ಬರೆದೆ. ಮೈಸೂರಿನಿಂದ ಬಂದಿದ್ದ ಅಮ್ಮನಿಗೆ ಊಟದ ಹೊತ್ತಿನಲ್ಲಿ ಅದನ್ನು ಜಂಬದಿಂದ ಹೇಳಿದೆ.

“ಹೆತ್ತೋಳನ್ನ ಕೇಳಿದ್ಯೇನೆ?” ಅಂದಳು ಅಮ್ಮ. ನಾನು ನಕ್ಕುಬಿಟ್ಟೆ.

ಮಡಕೆಯನ್ನು ಮೆತ್ತೆ ಹಾಸಿದ ಟ್ರೇಯಲ್ಲಿಟ್ಟು ಇಬ್ಬರು ಹಿಡಿಯಬೇಕು, ಮೈಗೆ ಒರಗಿಸಕೂಡದು ಎಂಬುದು ಅಲ್ಲಿನ ನಿಯಮ. ಆ ಶನಿವಾರ ಮಧ್ಯಾಹ್ನ ಜೊತೆಗಾರ್ತಿ ಟ್ರೇ ತರಲು ಹೋಗಿದ್ದಳು. ಮಡಕೆ ಮೇಜಿನ ಅಂಚಿಗೆ ತೀರಾ ಹತ್ತಿರವಿತ್ತು. ಬಿದ್ದೀತೆಂಬ ಭಯಕ್ಕೆ ಎತ್ತಿಕೊಂಡೆ. ಕೂಸನ್ನು ಒಳಗಿಡಲೆಂದು ಅದರ ಕುತ್ತಿಗೆಯನ್ನು ಆ ಕಾಲದಲ್ಲೇ ಒಡೆದು ತೆಗೆದಿದ್ದರು. ಆ ಅಗಲ ಬಾಯಿ ನನ್ನ ಎಡ ಭುಜಕ್ಕೆ ತಾಗಿತು. ಸ್ವಲ್ಪ ಹೊತ್ತಾದ ಮೇಲೆ ಗಮನಿಸಿದರೆ ನನ್ನ ಬಲಗೈ ಮಡಕೆಯನ್ನು ಮೆಲ್ಲಗೆ ತಟ್ಟುತ್ತಿತ್ತು. ಹಾಲು ಕುಡಿದ ಮಗುವಿಗೆ ತೇಗು ಬರಲೆಂದು ಬೆನ್ನು ತಟ್ಟುತ್ತಾರಲ್ಲ, ಹಾಗೆ. ನನಗೆ ಮಕ್ಕಳಿಲ್ಲ. ಯಾವ ಮಗುವನ್ನೂ ನಾನು ಹಾಗೆ ತಟ್ಟಿದವಳಲ್ಲ. ನಾಚಿಕೆಯಾಗಿ ಕೆಳಗಿಟ್ಟೆ. ಜೊತೆಗಾರ್ತಿ ಬಂದ ಮೇಲೆ ಇಬ್ಬರೂ ಸೇರಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದೆವು.

ಹೆಣವಿದ್ದ ಮಡಕೆ ಮುಟ್ಟಿದವಳು ಸ್ನಾನ ಮಾಡದೆ ಏನನ್ನೂ ಮುಟ್ಟಬಾರದೆಂದು ಅಮ್ಮನ ಕಟ್ಟಪ್ಪಣೆ. ನಾನು ಮನೆಗೆ ಬಂದಾಗ ಗರಾಜಿನ ಬಾಗಿಲಲ್ಲೇ ಟವೆಲ್ ಹಿಡಿದು ನಿಂತಿದ್ದಳು. ಗದರಲು ಹತ್ತಿರ ಬಂದವಳು ನನ್ನ ಭುಜ ಮೂಸಿ ನೋಡಿದಳು. ಅವಳ ಮುಖ ಅರಳಿತು.

“ಯಾರ ಮನೆ ಮಗು ಎತ್ಕೊಂಡಿದ್ಯೆ? ಹಾಲು ಕಕ್ಕಿದೆ ನೋಡು.”

ಕುರ್ತಾದ ಎಡ ಭುಜದಲ್ಲಿ ಅಂಗೈಯಗಲ ಒದ್ದೆಯಾಗಿತ್ತು. ಒಡೆದ ಹಾಲಿನ ಹುಳಿ ವಾಸನೆ. ಮುಟ್ಟಿದೆ, ಬೆಚ್ಚಗಿತ್ತು. ಮುಕ್ಕಾಲು ಗಂಟೆ ಎ.ಸಿ. ಹಾಕಿಕೊಂಡು ಡ್ರೈವ್ ಮಾಡಿ ಬಂದಿದ್ದೆ.

“ಗಂಡೋ ಹೆಣ್ಣೋ?” ಅಮ್ಮ ಕೇಳಿದಳು.

“ಹೆಣ್ಣು” ಅಂದೆ.

ಆಮೇಲೆ ಬೇಕಾದಷ್ಟು ತರ್ಕ ಮಾಡಿದ್ದೇನೆ. ಕಾಫಿ ಹಾಲು ಚೆಲ್ಲಿರಬೇಕು ಎಂದರೆ, ಮಡಕೆಯಿದ್ದ ಆ ಕೋಣೆಯೊಳಗೆ ನೀರಿನ ಬಾಟಲಿಯನ್ನೂ ಬಿಡುವುದಿಲ್ಲ. ದಾರಿಯಲ್ಲಿ ನಾನೆಲ್ಲೂ ನಿಲ್ಲಿಸಿರಲಿಲ್ಲ. ಪರೀಕ್ಷೆ ಮಾಡಿಸೋಣವೆಂದರೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಮ್ಮ ಕುರ್ತಾ ಒಗೆದು ಹಾಕಿದ್ದಳು.

ಮರುದಿನವೇ ಫಲಕದಿಂದ ‘ಬಲಿ’ ತೆಗೆಯಿರಿ ಎಂದು ಮ್ಯೂಸಿಯಮ್ಮಿಗೆ ಬರೆದೆ. ಕಾರಣ ಕೇಳಿದರು. ಹ್ಯೂಸ್ಟನ್ನಿನವರ ವಾದವನ್ನೇ ಬರೆದು ಕಳಿಸಿದೆ, ತೆಗೆದರು. ನನ್ನ ಕಾರಣ ಅದಾಗಿರಲಿಲ್ಲ. ಅವಳಿಗೆ ಯಾರೋ ಹೊಟ್ಟೆ ತುಂಬ ಹಾಲು ಕುಡಿಸಿದ್ದರು ಎಂದು ಬರೆಯುವುದು ಹೇಗೆ?

‘ಅವಳಿಗೆ’ ಎನ್ನುತ್ತಿದ್ದೇನೆ, ನೋಡಿ. ಅಷ್ಟು ಎಳೆಯ ಎಲುಬುಗಳನ್ನು ನೋಡಿ ಗಂಡೋ ಹೆಣ್ಣೋ ಹೇಳಲಾಗದು ಎಂದು ಆ ಫಲಕದ ಕೊನೆಯ ಸಾಲಿನಲ್ಲಿ ಬರೆದವಳೂ ನಾನೇ.