ಫರ್ವಾನಿಯಾದಲ್ಲಿ ಮನೆಗೆ ಬಂದ ವೀರ

ಕುವೈತಿನ ಫರ್ವಾನಿಯಾದಲ್ಲಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಿಸಿಲು ತಾಳಲಾರದೆ ಪಕ್ಕದ ವೀಡಿಯೊ ಕ್ಯಾಸೆಟ್ ಅಂಗಡಿಗೆ ನುಗ್ಗಿದೆ. ಅಂಗಡಿಯ ಹಮೀದ್ ಭಾಯಿ ಬಂಟ್ವಾಳದವರು. ನನ್ನ ಕನ್ನಡ ಕೇಳಿದ್ದೇ ಸ್ಟೂಲು ಎಳೆದು ಕೊಟ್ಟರು. ಟೀವಿಯಲ್ಲಿ ಇಟಲಿಯವರ ಹಳೇ ಸಿನಿಮಾ ಓಡುತ್ತಿತ್ತು. ಎದೆಗೆ ಎಣ್ಣೆ ಬಳಿದುಕೊಂಡ ಗ್ರೀಕ್ ಪುರಾಣದ ವೀರನೊಬ್ಬ ಎತ್ತಿ ಎಸೆದ ಬಂಡೆ ಚೆಂಡಿನಂತೆ ಪುಟಿಯಿತು. ನನಗೆ ನಗು ಬಂತು. ಭಾಯಿ ನಗಲಿಲ್ಲ.

"ಈಗ ನೋಡಿ, ಮನೆಗೆ ಬರ್ತಾನೆ," ಎಂದರು.

ವೀರ ಹಡಗಿನಿಂದಿಳಿದು ಬೆಟ್ಟ ಹತ್ತಿದ. ಮನೆಯ ಬಾಗಿಲು ತೆರೆಯಿತು. ಹೆಂಡತಿ ಮೆಟ್ಟಿಲಿಳಿದು ಓಡಿಬಂದಳು, ಅವನು ಕೈ ಚಾಚಿದ. ಅಷ್ಟರಲ್ಲಿ ಚಿತ್ರ ಒಮ್ಮೆ ಹಾರಿ ಬರೀ ಸಮುದ್ರ ಕಂಡಿತು, ಸಿನಿಮಾ ಮುಗಿದಿತ್ತು.

"ಅಪ್ಪಿಕೊಳ್ಳೋದನ್ನೆಲ್ಲ ಇಲ್ಲಿ ಕತ್ತರಿಸ್ತಾರೆ ಮಾರಾಯ್ರೇ. ಆದ್ರೂ ರಜೆ ಸಿಗದ ನಮ್ಮವರೆಲ್ಲ ಇದನ್ನೇ ಕೇಳಿ ತಗೊಂಡು ಹೋಗ್ತಾರೆ. ನಾನೂ ದಿನಾ ಹಾಕ್ತೇನೆ."

"ಸೇರೋದೇ ಇಲ್ಲದ ಮೇಲೆ ನೋಡೋದೇನು?"

"ಬಾಗಿಲು ತೆರೆಯೋದು ಉಂಟಲ್ಲ," ಎಂದು ಅವರು ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿದರು. ಹೆಂಡತಿ ಹಿಮ್ಮುಖವಾಗಿಯೇ ಮೆಟ್ಟಿಲು ಹತ್ತಿ ಹೋದಳು, ಬಾಗಿಲು ಮುಚ್ಚಿಕೊಂಡಿತು, ವೀರ ಮತ್ತೆ ಹಡಗು ಹತ್ತಿದ.