ಮೆನಶೆ ಮಾಮನ ತಪಾಸಣೆ
ಜೆರುಸಲೇಮಿನ ಹೋಟೆಲೊಂದರ ಅಡುಗೆಮನೆಗೆ ಮಾಮನ ಜೊತೆ ಹೋದವನು ಖಾಲಿ ಕುರ್ಚಿ ಕಂಡು ಕೂತೆ. "ಏಳಯ್ಯ ದೊರೆ, ಅದು ಪಾತ್ರೆ ತೊಳೆಯೋಳದ್ದು" ಎಂದು ಮೆನಶೆ ಮಾಮ ಎಲ್ಲರೆದುರೇ ಎಬ್ಬಿಸಿದರು. ಊಟ ಯಹೂದಿ ಧರ್ಮದ ಮಡಿಗೆ ತಕ್ಕ ಕೋಷರ್ ಹೌದೋ ಅಲ್ಲವೋ ನೋಡಲು ಧರ್ಮಗುರುಗಳಾದ ರಬ್ಬಿಗಳಿದ್ದಾರೆ. ಕೆಲಸದವರನ್ನು ಮನುಷ್ಯರಂತೆ ನಡೆಸಿಕೊಳ್ಳುವ ಹೋಟೆಲಿಗೆ ಬೇರೆಯೇ ಪ್ರಮಾಣಪತ್ರ ಕೊಡುವ ಸಂಘಕ್ಕೆ ನಮ್ಮ ಮಾಮ ತಪಾಸಣೆಗಾರರು. ಹಿತ್ತಿಲ ಬಾಗಿಲಿಂದಲೇ ನುಗ್ಗುತ್ತಾರೆ, ಮಾಲೀಕರ ಕಾಫಿ ಮುಟ್ಟುವುದಿಲ್ಲ, ಕುರ್ಚಿಯ ಕಾಲನ್ನು ಕುದುರೆ ಕೊಳ್ಳುವವರಂತೆ ತಟ್ಟಿ ನೋಡುತ್ತಾರೆ. "ನಿಮ್ಮ ಕಾಟಕ್ಕಿಂತ ರಬ್ಬಿಗಳೇ ವಾಸಿ ಮಾಮ" ಎಂದು ಮಾಲೀಕರು ಗೊಣಗುತ್ತಾರೆ. ಮಾಮನ ಹೆಂಡತಿ ಸಾಬ್ರಿಯಾ ಅಂಥದೇ ಒಂದು ಕೋಷರ್ ಹೋಟೆಲಿನಲ್ಲಿ, ಒಂದಕ್ಕೊಂದು ಸೋಕಬಾರದ ಹಾಲಿನ ತಟ್ಟೆ, ಮಾಂಸದ ತಟ್ಟೆಗಳನ್ನು ಬೇರೆ ಬೇರೆ ತೊಟ್ಟಿಗಳಲ್ಲಿ ತೊಳೆಯುತ್ತ, ನಿಂತೂ ನಿಂತೂ ಕಾಲು ಬಾತು, ಅಲ್ಲೇ ಕುಸಿದು ತೀರಿಕೊಂಡರು. "ರಬ್ಬಿಗಳು ಏನೂ ಅನ್ನಲಿಲ್ವಾ ಮಾಮ?" ಎಂದೆ. "ಅಂದ್ರಪ್ಪ. ಹಾಲು-ಮಾಂಸ ಒಂದ್ಸಲಾನೂ ಬೆರೆಸಿದವಳಲ್ಲ ಅಂತ ಹೊಗಳಿದ್ರು."