ಗೋರೆಗಾಂವಿಗೆ ಒಯ್ದ ಜೋಳದ ಹಿಟ್ಟು

ಮಿರಜ್‌ನಲ್ಲಿ ಗಾಡಿ ಬದಲಿಸಿ, ಕುಳಿತಲ್ಲೇ ತೂಕಡಿಸಿ, ಮರುದಿನ ಮುಂಜಾನೆ ಮುಂಬಯಿಯ ದಾದರಿನಲ್ಲಿ ಇಳಿದೆ. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನು ಕಲಿಸುವ ಧಾರವಾಡದ ಶಾಲೆಗೆ ನಾತಾಳ, ಅಂದರೆ ಕ್ರಿಸ್‌ಮಸ್ ಸೂಟಿ ಬಿಟ್ಟಿತ್ತು. ನಾನೇನು ಊರು ನೋಡಲು ಹೊರಟವಳಲ್ಲ. ತಮ್ಮ ಗುರುನಾಥ ಕಾಗದ ಬರೆದಿದ್ದ: "ಅಕ್ಕಾ, ರೊಟ್ಟಿ ಬಡಿಯೂದು ಕಲಿಸಾಕ ಬಾ. ನನ್ನ ಮೊದಲನೇ ಪಿಕ್ಚರ್." ಅಷ್ಟೇ, ಎರಡು ಸಾಲು.

ಗುರುನಾಥ ಗೋರೆಗಾಂವಿನ ಒಂದು ಸ್ಟುಡಿಯೋದಲ್ಲಿ ಆರು ವರ್ಷ ಬೇರೆಯವರ ಕೈಕೆಳಗೆ ದುಡಿದವನು. ಈಗ ಮೊದಲ ಸಲ ಅವನ ಪಾಲಿಗೇ ಒಂದು ಸಾಕ್ಷ್ಯಚಿತ್ರ ಬಂದಿತ್ತು. ಮುಂಬಯಿಯಲ್ಲಿ ಕಟ್ಟಡ ಕಟ್ಟುವ ನಮ್ಮ ಕಡೆಯ ಕೂಲಿಗಳ ಬದುಕು, ಹದಿನೈದು ನಿಮಿಷದ್ದು. ಕೆಲಸದ ದೃಶ್ಯಗಳನ್ನೆಲ್ಲ ವಡಾಲದಲ್ಲಿ ತೆಗೆದಾಗಿತ್ತು. ಊಟದ ದೃಶ್ಯ ಒಂದೇ ಬಾಕಿ. ಕೂಲಿಗಳ ಖೋಲಿಯಲ್ಲಿ ಬೆಳಕು ಸಾಲದೆಂದು ಸ್ಟುಡಿಯೋದ ಅಂಗಳದಲ್ಲಿ ತಗಡಿನ ಗುಡಿಸಲು ಹಾಕಿಸಿದ್ದ. ಕೂಲಿಯವರಾಗಿ ನಟಿಸಲು ಒಬ್ಬ ನಟಿ, ಒಬ್ಬ ನಟ ಬಂದಿದ್ದರು.

ದಾದರಿನಿಂದ ಲೋಕಲ್ ಹಿಡಿದು ಒಂಬತ್ತಕ್ಕೆ ಅಲ್ಲಿ ಮುಟ್ಟಿದೆ. ಗುಡಿಸಲಿನೊಳಗೆ ಕಾಲಿಟ್ಟವಳಿಗೆ ತಲೆ ಕೆಟ್ಟುಹೋಯಿತು. ಪರಾತದಲ್ಲಿ ಗೋದಿ ಹಿಟ್ಟು ಕಲಸಿಟ್ಟಿದ್ದಾರೆ! ಪಕ್ಕದಲ್ಲಿ ಲಟ್ಟಣಿಗೆ! ನಟಿ ಬಹಳ ಶ್ರದ್ಧೆಯಿಂದ ಚಪಾತಿ ಲಟ್ಟಿಸುತ್ತಿದ್ದಾಳೆ.

"ಏನೋ ಇದು ಗುರ್ಯಾ?"

"ಸಾಮಾನಿನ ಯಾದಿಯೊಳಗ ರೋಟಿ ಅಂತ ಬರದಿದ್ನೆವಾ. ಹಿಂದಿಯೊಳಗ," ಎಂದ, ಮುಖ ಸಣ್ಣದು ಮಾಡಿಕೊಂಡು.

"ರೋಟಿ ಬ್ಯಾರೆ, ರೊಟ್ಟಿ ಬ್ಯಾರೆ! ಆರು ವರ್ಷಕ್ಕ ಇಷ್ಟೂ ಮರತಿ?"

ಅವನು ನನ್ನನ್ನು ಬದಿಗೆ ಕರೆದು ಹೇಳಿದ: "ಬೈಯಬ್ಯಾಡ ಅಕ್ಕಾ. ಕ್ಯಾಮೆರಾ ಇವತ್ತು ಸಂಜೀತನಕ ಅಷ್ಟs ನಮ್ಮದು. ಊಟದ ಸೀನ್ ಆಗಲಿಲ್ಲಂದ್ರ ಪಿಕ್ಚರ್ ಕಸಗೊಂಡು ಬ್ಯಾರೇವ್ರಿಗೆ ಕೊಡ್ತಾರ. ಚಪಾತೀನs ತಗದುಬಿಡೂಣು. ಯಾರಿಗೆ ತಿಳೀತದ?"

"ನನಗ ತಿಳೀತದ," ಎಂದೆ. ಬಿಸಿಲಿನಲ್ಲಿ ಇಟ್ಟಿಗೆ ಹೊರುವವರ ಊಟವನ್ನೇ ಸುಳ್ಳು ತೋರಿಸಿದರೆ ಮತ್ತೇನು ಖರೆ ತೋರಿಸುತ್ತಾನೆ ಇವನು?

ಹತ್ತಿರದ ಅಂಗಡಿಯಿಂದ ಜೋಳದ ಹಿಟ್ಟು ತರಿಸಿದೆ. ಎಂದೋ ಬೀಸಿಟ್ಟದ್ದು. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ. ತಟ್ಟಿದಂತೆಲ್ಲ ಅಂಚು ಬಿರಿಯಿತು, ಎತ್ತಿದರೆ ಮೂರು ತುಂಡಾಯಿತು. ಹೊಸದಾಗಿ ಬೀಸಿದ ಹಿಟ್ಟು ಯಾರ ಮನೆಯಲ್ಲಿ ಸಿಕ್ಕೀತು ಎಂದು ಕೇಳಿದೆ. ಗುರುನಾಥ ವಡಾಲದ ಯಲ್ಲವ್ವನ ಹೆಸರು ಹೇಳಿದ. ಅವನು ಚಿತ್ರ ತೆಗೆದ ಕೂಲಿಗಳಲ್ಲಿ ಒಬ್ಬಳು. ಅಂದು ಭಾನುವಾರ, ಆಕೆಗೆ ಕೆಲಸವಿರಲಿಲ್ಲ. ಗುರುತು ಕೇಳಿಕೊಂಡು ಒಬ್ಬಳೇ ಹೊರಟೆ.

ಗೋರೆಗಾಂವಿನಿಂದ ಬಾಂದ್ರಾ, ಅಲ್ಲಿ ಇಳಿದು ಹಾರ್ಬರ್ ಲೈನಿನ ಗಾಡಿ, ಎರಡು ಸ್ಟೇಶನ್ ದಾಟಿದರೆ ವಡಾಲ. ರೂಪಾಯಿಯೊಳಗಿನ ಟಿಕೇಟು. ಡಿಸೆಂಬರ್ ಅಂತ ಹೆಸರಿಗೆ ಮಾತ್ರ. ಬೆವರು ಬೆನ್ನಿಗೆ ಇಳಿಯುತ್ತಿತ್ತು. ಹೊಸ ಕಟ್ಟಡದ ಹಿಂದೆ ತಗಡಿನ ಖೋಲಿಗಳ ಸಾಲು. ಯಲ್ಲವ್ವ ವಿಜಾಪುರ ಕಡೆಯವಳು, ನಲವತ್ತು ದಾಟಿದ ಗಟ್ಟಿ ಹೆಂಗಸು. ಬಾಗಿಲಲ್ಲಿ ಕುಳಿತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ನಾನು ಕನ್ನಡ ಮಾತಾಡಿದ್ದೇ ತಡ, ಎದ್ದು ನೀರು ಕೊಟ್ಟಳು. ಚಪಾತಿಯ ಕಥೆ ಕೇಳಿ ನಕ್ಕು ನಕ್ಕು ಕೆಮ್ಮಿದಳು.

"ನಿನ್ನೆ ಸಂಜೀಕಷ್ಟs ಗಿರಣಿಗೆ ಹಾಕ್ಸೀನ್ರಿ ಅಕ್ಕೋರ. ಹಿಟ್ಟ ಕೊಡತೀನಿ, ಖರೆ ನಾನೂ ಬರಾಕಿ. ನಮ್ಮ ರೊಟ್ಟಿ ಯಾರ್ ಬಡೀತಾರ ನಾ ನೋಡಬೇಕು."

ಹಿಟ್ಟಿನ ಗಂಟು, ರೊಟ್ಟಿ ಬೇಯಿಸುವ ಹಂಚು, ಶೇಂಗಾಚಟ್ನಿ ಕಟ್ಟಿಕೊಂಡು ನನ್ನ ಜೊತೆ ಹೊರಟೇಬಿಟ್ಟಳು. ಮರಳಿ ಗೋರೆಗಾಂವ್ ಮುಟ್ಟಿದಾಗ ಮೂರು ಹೊಡೆದಿತ್ತು. ನಟಿಯ ಕೈಗೆ ಹಿಟ್ಟು ಒಗ್ಗಲೇ ಇಲ್ಲ. ಯಲ್ಲವ್ವ ಸುಮ್ಮನೆ ಆಕೆಯನ್ನು ಸರಿಸಿ ತಾನೇ ಕುಳಿತಳು. ಟಪ್ ಟಪ್ ಎಂಬ ಆ ಸಪ್ಪಳಕ್ಕೆ ಅಂಗಳದಲ್ಲಿದ್ದವರೆಲ್ಲ ಬಾಗಿಲಿಗೆ ಬಂದು ನಿಂತರು. ಗುರುನಾಥನ ಮುಖ ಅರಳಿತು. ಕ್ಯಾಮೆರಾ ಓಡುತ್ತಿದ್ದಂತೆ ಆರು ರೊಟ್ಟಿ ಬುಟ್ಟಿಗೆ ಬಿದ್ದವು. ಇನ್ನು ಉಣ್ಣುವುದನ್ನು ತೆಗೆಯಬೇಕು. ಕ್ಯಾಮೆರಾವನ್ನು ಇನ್ನೊಂದು ಬದಿಗೆ ಸರಿಸತೊಡಗಿದರು.

ಆಗ ಸಾಮಾನಿನ ಉಸ್ತುವಾರಿಯ ಬಾಬುಭಾಯಿ ಬಂದು, ಸೀಸೆಯಿಂದ ಏನನ್ನೋ ರೊಟ್ಟಿಗಳ ಮೇಲೆ ಚಿಮುಕಿಸಿದ. ಘಾಟು ಮೂಗಿಗೆ ಹೊಡೆಯಿತು. ಚಿಮಣಿ ಎಣ್ಣೆ! ದೀಪಕ್ಕೆ ಹಾಕುವ ಸೀಮೆಎಣ್ಣೆ!

ಅವರಲ್ಲಿ ಅದೇ ಪದ್ಧತಿಯಂತೆ. ಎರಡು ಶಾಟ್‌ಗಳ ನಡುವೆ ಯಾರಾದರೂ ತಿಂದರೆ ಬುಟ್ಟಿಯಲ್ಲಿ ಲೆಕ್ಕ ತಪ್ಪುತ್ತದೆ, ಪರದೆಯ ಮೇಲೆ ತಿಳಿಯುತ್ತದೆ. ಅದಕ್ಕೇ ತಿನ್ನದ ಹಾಗೆ ಮಾಡಿಡುವುದು. ನಟನೂ ಶಾಟ್‌ನಲ್ಲಿ ಬಾಯಾಡಿಸಿ, ಆಮೇಲೆ ಬಕೀಟಿನಲ್ಲಿ ಉಗುಳುತ್ತಾನೆ. ಬಾಬುಭಾಯಿಗೆ ಇದರಲ್ಲಿ ತಪ್ಪೇನೆಂದೇ ಹೊಳೆಯಲಿಲ್ಲ.

ಯಲ್ಲವ್ವ ಎದ್ದು ನಿಂತಳು. "ಉಣ್ಣೂ ರೊಟ್ಟಿಗಿ ಚಿಮಣಿ ಎಣ್ಣಿ ಹಾಕ್ತೀರೇನ್ರೋ? ನಿಮ್ಮ ಕೈ ಸೇದಿಹೋಗ್ಲಿ!" ಎಂದು ಹಂಚನ್ನು ಎತ್ತಿಕೊಂಡಳು. ಗುಡಿಸಲಿನ ಗೋಡೆಯ ಮೇಲಿನ ಬಿಸಿಲು ಮೊಳದಷ್ಟು ಉಳಿದಿತ್ತು. ಗುರುನಾಥ ಕೈ ಮುಗಿದ, ಬಾಬುಭಾಯಿ ಹಿಂದಿಯಲ್ಲಿ ಸಮಜಾಯಿಸಿದ. ಆಕೆ ಜಗ್ಗಲಿಲ್ಲ. ನನಗೂ ಸಿಟ್ಟು ನೆತ್ತಿಗೇರಿತ್ತು, ಆದರೆ ಬರಿಗೈಲಿ ಧಾರವಾಡಕ್ಕೆ ಹೋಗುವ ಹೆಣ್ಣಲ್ಲ ನಾನು.

"ಯಲ್ಲವ್ವಾ, ಏನ್ ಮಾಡಿದ್ರ ಕೂಡ್ತಿ, ಅದನ್ನ ಹೇಳು," ಎಂದೆ.

ಆಕೆ ಗಂಟು ನೋಡಿದಳು. "ಇನ್ನೊಂದs ರೊಟ್ಟಿ ಹಿಟ್ಟೈತ್ರಿ. ಬಡೀತೀನಿ. ಉಣ್ಣಾಕ ಕುಂತಾಂವ ಪೂರಾ ಉಣ್ಣಬೇಕು. ಉಗುಳೂದಿಲ್ಲ, ಬಿಡೂದಿಲ್ಲ."

ನಟ ನಕ್ಕು, ಹೊಟ್ಟೆಯ ಮೇಲೆ ಕೈ ಇಟ್ಟು ತಲೆ ಅಲ್ಲಾಡಿಸಿದ. ಹೊರಗೆ ಬೇಯಿಸಿದ್ದು ತಿಂದರೆ ಅವನಿಗೆ ಆಗುವುದಿಲ್ಲವಂತೆ. ಗುರುನಾಥ ಒಮ್ಮೆ ಬಿಸಿಲು ನೋಡಿದ, ಒಮ್ಮೆ ನನ್ನನ್ನು ನೋಡಿದ. ಬೂಟು ಬಿಚ್ಚಿದ. ನಟನ ತಲೆಯ ರುಮಾಲು ಕಿತ್ತು ತಾನು ಸುತ್ತಿಕೊಂಡು ಯಲ್ಲವ್ವನ ಎದುರು ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟ.

ಕ್ಯಾಮೆರಾ ಖರಖರ ಓಡಿತು. ಯಲ್ಲವ್ವ ಬಡಿದಳು, ಬೇಯಿಸಿದಳು, ಉಬ್ಬಿದ ರೊಟ್ಟಿಯನ್ನು ಅವನ ಕೈಗೇ ಹಾಕಿದಳು. ಬಿಸಿಗೆ ಅವನು ಆ ಕೈಯಿಂದ ಈ ಕೈಗೆ ಹಾರಿಸಿದ. ಚಟ್ನಿ ಹಚ್ಚಿ ಮೊದಲ ತುತ್ತು ಬಾಯಿಗಿಟ್ಟವನು ಮತ್ತೆ ತಲೆ ಎತ್ತಲಿಲ್ಲ. ಅರ್ಧ ಮುಗಿಯಿತು, ಮುಕ್ಕಾಲು ಮುಗಿಯಿತು. ಕ್ಯಾಮೆರಾದವರು ಅವನ ಮುಖವನ್ನೇ ನೋಡುತ್ತಿದ್ದರು. ಕಟ್ ಎನ್ನಬೇಕಾದವನು ಬಾಯಿ ತುಂಬಿಕೊಂಡು ಕುಳಿತಿದ್ದ. ಕೊನೆಗೆ ರೀಲು ತಾನಾಗಿಯೇ ಮುಗಿದು ನಿಂತಿತು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

ಮರುದಿನ ಗಾಡಿ ಹತ್ತಿದೆ. ಚಿತ್ರ ಗುರುನಾಥನ ಕೈಯಲ್ಲೇ ಉಳಿಯಿತೆಂದು ಆಮೇಲೆ ಕಾಗದ ಬಂತು. ಮುಂದೊಂದು ದಿನ ನಮ್ಮೂರ ಟಾಕೀಸಿನ ಮಧ್ಯಾಹ್ನದ ಆಟದಲ್ಲಿ, ದೊಡ್ಡ ಸಿನೆಮಾಕ್ಕೆ ಮೊದಲು ಅದನ್ನು ಹಾಕಿದರು. ಸಾಮಾನ್ಯವಾಗಿ ಅಂಥ ಚಿತ್ರಗಳ ಹೊತ್ತಿಗೆ ಜನ ಬೀಡಿ ಸೇದಲು ಹೊರಗಿರುತ್ತಾರೆ. ಅಂದು ಟಪ್ ಟಪ್ ಸಪ್ಪಳಕ್ಕೆ ಒಬ್ಬೊಬ್ಬರಾಗಿ ಒಳಗೆ ಬಂದರು. ಪರದೆಯ ಮೇಲೆ ನನ್ನ ತಮ್ಮ ಕೊನೆಯ ತುತ್ತು ನುಂಗಿ ಬೆರಳು ನೆಕ್ಕಿದ. ಮುಂದಿನ ಸಾಲಿನಿಂದ ಯಾರೋ ಕೂಗಿದರು:

"ಏ ಯವ್ವಾ, ಇನ್ನೊಂದ್ ಹಾಕಬೇ ಅವಗ!"

ದಿನವಿಡೀ ಮಕ್ಕಳನ್ನು ಸುಮ್ಮನಿರಿಸುವ ಶಾಲೆಯ ಅಕ್ಕೋರು ನಾನು. ಕುರ್ಚಿಯಿಂದ ಎದ್ದು ನಿಂತು, ಇಡೀ ಟಾಕೀಸಿಗೆ ಕೇಳುವಂತೆ ಒದರಿದೆ:

"ಹಿಟ್ಟ ತೀರಿತ್ತೋ ಯಪ್ಪಾ!"